ಮೊಬೈಲ್ ಡಿಗ್ರಿಗಿ ಕನ್ಯಾ ನೋಡಿದ್ದು

ನಾ ಡಿಗ್ರಿ ಪಾಸಾದಾಗ ನಮ್ಮಪ್ಪ ಭಾಲ್ಕಿದಾಗಿನ ನಮ್ಮ ಓಣಿ ತುಂಬ ಪೇಢೆ ಹಂಚಿದ. ಪೇಢೆ ಇನ್ನೂ ಬಾಯಾಗ ಇದ್ದಂಗೇ ಮಂದಿ ಕೇಳಿದ್ರು, "ಯಾವ ಕಾಲೇಜರಿ?" "ಕಾಲೇಜಿಲ್ಲರಿ, ಮನ್ಯಾಗೇ ಆನ್‌ಲೈನ್ ಕಲ್ತಾಳ," ಅಂದ ಅಪ್ಪ. ಆಯ್ತು ನೋಡ್ರಿ! ಅವತ್ತಿನಿಂದ ನನ್ನ ಕಂಪ್ಯೂಟರ್ ವಿದ್ಯಾಕ್ಕ "ಮೊಬೈಲ್ ಡಿಗ್ರಿ" ಅಂತ ಹೆಸರು ಬಿತ್ತು. ಮುಂದಿನ ಮನಿ ಅಜ್ಜಿ ಅಂತೂ ತನ್ನ ಫೋನಿನ ರಿಚಾರ್ಜ್ ಮುಗಿದಾಗೊಮ್ಮೆ ನನ್ನ ಬಲ್ಲಿ ಬರ್ತಿದ್ಲು. ಅದಕ್ಕೇ ನಾ ಇಷ್ಟು ವರ್ಷ ಓದೀನಿ ಅಂತ ಆಕಿ ತಿಳ್ಕೊಂಡಿದ್ಲು.

ಸುಳ್ಳ್ಯಾಕ ಹೇಳ್ಲಿ, ಜಾಹೀರಾತು ಭಾಳ ಚಂದ ಇತ್ತು. ಕೋಟು ಹಾಕ್ಕೊಂಡ ಹುಡುಗಿ, ಕೈಯಾಗ ಕಾಫಿ, ಹಿಂದ ಗಾಜಿನ ಕಟ್ಟಡ. ಮನ್ಯಾಗ ಕೂತು ಕಲೀರಿ, ಕಂಪನಿ ನಿಮ್ಮನ್ನ ಹುಡುಕ್ಕೊಂಡು ಬರ್ತದ ಅಂತ. ನಾ ಕೂತೆ, ಕಲ್ತೆ. ಕಂಪನಿಗಿ ಭಾಲ್ಕಿ ದಾರಿ ಸಿಗಲಿಲ್ಲ ಕಾಣ್ತದ. ಕಡೀ ವರ್ಷ ಪ್ರಾಜೆಕ್ಟ್ ಅಂತ ಗ್ರಂಥಾಲಯ ನಡೆಸೋ ಸಾಫ್ಟ್‌ವೇರ್ ಮಾಡಿದೆ. ನನ್ನ ಕೂಡ ಕಲ್ತವರೆಲ್ಲ ಅದನ್ನೇ ಮಾಡಿದ್ರು. ಗ್ರಂಥಾಲಯದ ಮೆಟ್ಟಲ ಹತ್ತಿದವರು ಅದರಾಗ ಎಷ್ಟು ಮಂದಿ ಇದ್ರೋ ದೇವರೇ ಬಲ್ಲ.

ಅಪ್ಪಗ ಒಂದೇ ಚಿಂತಿ, ಪೇಢೆ ತಿಂದ ಮಂದಿಗಿ ಹ್ಯಾಂಗ ಮಾರಿ ತೋರಸ್ಲಿ ಅಂತ. ನನಗೂ ಒಂದೇ ಆಸಿ ಇತ್ತು. ಇದು ಖರೇ ಡಿಗ್ರಿ, ಇದು ಖರೇ ನೌಕರಿ ಅಂತ ನಮ್ಮ ಮಂದ್ಯಾಗ ಒಬ್ಬರರ ಅನ್ಲಿ.

ಮೊದಲ ಸಂದರ್ಶನ ಬೀದರ್‌ನ್ಯಾಗ, ಒಂದು ಬಟ್ಟಿ ಅಂಗಡಿ ಮ್ಯಾಲಿನ ಆಫೀಸು. ಒಳಗ ಇದ್ದ ಕಂಪ್ಯೂಟರ್‌ಗಳಾಗ ಅರ್ಧ ಧೂಳಿಗಂಜಿ ಮುಸುಕು ಹಾಕ್ಕೊಂಡು ಕೂತಿದ್ವು. ಸಾಹೇಬ್ರು ನನ್ನ ಸರ್ಟಿಫಿಕೇಟ್ ತಿರುಗಿಸಿ ಮುರುಗಿಸಿ ನೋಡಿದ್ರು. "ಆನ್‌ಲೈನ್ ಏನವ್ವ? ಹಂಗಿದ್ರ ನೌಕರೀನೂ ಆನ್‌ಲೈನ್‌ನ್ಯಾಗೇ ಹುಡುಕು," ಅಂದು ತಾವೇ ನಕ್ಕರು. ವಾಪಸ್ ಬರೋವಾಗ ಬಸ್ಸು ಹಲಬರ್ಗಾ ದಾಟೋ ತನಕ ಕಿಟಕಿ ಕಡೀನೇ ಮಾರಿ ಮಾಡಿ ಕೂತಿದ್ದೆ.

ಸಾಹೇಬ್ರ ಮಾತು ಮೀರಬಾರದಲ್ಲ, ಆನ್‌ಲೈನ್‌ನ್ಯಾಗೇ ಹುಡುಕಿದೆ. ದೂರದ ಒಂದು ಕಂಪನಿ ಅರ್ಜಿ ತಗೊಂಡ್ತು. ಡಿಗ್ರಿ ಅದನೋ ಇಲ್ಲೋ ಅಂತ ಕೇಳ್ತು, ಎಲ್ಲಿ ಕೂತು ಕಲ್ತಿ ಅಂತ ಕೇಳ್ಲಿಲ್ಲ. ಅಷ್ಟಕ್ಕರ ಡಿಗ್ರಿ ಕೆಲಸಕ್ಕ ಬಂತು. ಗ್ರಾಹಕರ ಕಂಪ್ಯೂಟರ್ ತಕರಾರು ಫೋನಿನ್ಯಾಗ ಕೇಳಿ ಬಗೆಹರಿಸೋ ಕೆಲಸ. ಸಂದರ್ಶನ ವಿಡಿಯೋದಾಗ.

ವಿಡಿಯೋ ಅಂದ ಕೂಡ್ಲೇ ಅಪ್ಪ ಎದ್ದು ನಿಂತ. "ಪರಮಂದಿ ನಮ್ಮ ಹುಡುಗೀಗಿ ನೋಡ್ತಾರಂತ, ಹಿರೇರು ಕೂಡಬ್ಯಾಡೇನು?" ಔರಾದ್ ಕಡಿ ಡಾಬಕಾದಾಗಿನ ನನ್ನ ಸೋದರಮಾವಗ ಫೋನ್ ಹೋಯ್ತು.

"ಅಪ್ಪಾ, ಇದು ಕನ್ಯಾ ನೋಡೋದಲ್ಲ."

"ಪ್ರಶ್ನಿ ಕೇಳ್ತಾರ ಹೌದಿಲ್ಲ? ಪಸಂದ್ ಆದ್ರ ಆಮ್ಯಾಲ ತಿಳಿಸ್ತೀವಿ ಅಂತಾರ ಹೌದಿಲ್ಲ? ಮತ್ತೇನು ಫರಕ್?"

ನಾ ಹೋಗಿ ನನ್ನ ಕುರ್ಚಿ ಹಿಂದ ಇನ್ನೆರಡು ಕುರ್ಚಿ ಹಾಕಿದೆ.

ಅವ್ವ ಚುರಮುರಿ ಸುಸಲಾ ಮಾಡಿದ್ಲು. ಕಂಪ್ಯೂಟರ್ ಮುಂದ ನಾನು, ಹಿಂದ ಟೊಪಗಿ ಹಾಕ್ಕೊಂಡು ಅಪ್ಪ, ಅವನ ಬಾಜೂಕ ಇಸ್ತ್ರಿ ಧೋತರದಾಗ ಮಾವ. ಪರದೆ ಮ್ಯಾಲಿನ ಮೇಡಂ ಕಣ್ಣು ಅಗಲ ಮಾಡಿ, "ಹಿಂದೆ ಯಾರು?" ಅಂದರು. ನಾ ಬಾಯಿ ತೆಗೆಯೋದ್ರಾಗ ಮಾವ, "ನಮಸ್ಕಾರ್‌ರಿ, ನಾವು ಹುಡುಗಿ ಕಡೇರು," ಅಂದುಬಿಟ್ಟ. ಯವ್ವಾ! ಭೂಮಿ ಬಾಯಿ ತೆರೀಬಾರದಾ ಅನಿಸ್ತು.

ಮೇಡಂಗ ಏನು ಹೊಳೀತೋ ಏನೋ. "ಸರಿ, ನಿಮ್ಮ ಮಾವನೇ ಗ್ರಾಹಕರು ಅಂದುಕೊಳ್ಳಿ. ಅವರಿಗೆ ಲಾಗಿನ್ ಆಗ್ತಿಲ್ಲ. ಬಗೆಹರಿಸಿ," ಅಂದರು.

ಮಾವಗ ಇಷ್ಟೇ ಬೇಕಾಗಿತ್ತು. "ಪಾಸ್‌ವರ್ಡ್ ಬರೋಬರ್ ಹಾಕೀನಿ, ನಿಮ್ಮ ಮಷೀನೇ ಖರಾಬ್ ಅದ!" ಅಂತ ಏರಿ ಬಂದ. ಪಾಸ್‌ವರ್ಡ್ ಬರೋಬರ್, ಮ್ಯಾಲ ಹಾಕಿದ ಹೆಸರು ತಪ್ಪದ; ಕೀಲಿಕೈ ನಿಮ್ಮದೇ ಅದರಿ ಮಾವ, ಆದರ ಮಂದಿ ಬಾಗಲಕ್ಕ ಹಾಕಿರಿ ಅಂದೆ. "ಅಂದ್ರ ನಾ ಕಳ್ಳೇನು?" ಅಂತ ಒದರಿದ. ಕನ್ನಡದಾಗ ಹೇಳಿದೆ, ತಿಳೀಲಿಲ್ಲ ಅಂದ. ಮರಾಠಿದಾಗ ಹೇಳಿದೆ, ಅರ್ಧ ತಿಳೀತು ಅಂದ. ನಾ ದನಿ ಏರಿಸಲಿಲ್ಲ. ಮಾವನ ಮ್ಯಾಲ ದನಿ ಏರಿಸೋ ಧೈರ್ಯ ನಮ್ಮ ಮನ್ಯಾಗ ಯಾರಿಗಿ ಅದ? ಕಡೀಗಿ ಒಂದೊಂದೇ ಹೆಜ್ಜಿ ಹೇಳಿಕೊಟ್ಟ ಮ್ಯಾಲ, "ಹಾಂ, ಹಿಂಗ ಬಿಡಿಸಿ ಹೇಳ್ಬೇಕು ನೋಡು," ಅಂತ ಸುಸಲಾ ಪ್ಲೇಟಿಗಿ ಕೈ ಹಾಕಿದ. "ನಮ್ಮ ಗ್ರಾಹಕರು ಇವರಿಗಿಂತ ಮೆತ್ತಗಿದ್ದಾರೆ," ಅಂದರು ಮೇಡಂ. ನನ್ನ ಗ್ರಂಥಾಲಯ ಪ್ರಾಜೆಕ್ಟಿನ ಸುದ್ದಿ ಯಾರೂ ಎತ್ತಲಿಲ್ಲ.

ನೌಕರಿ ಸಿಕ್ತು. ಸಂದರ್ಶನ ಕೊಟ್ಟಾಂವ ತಾನು ಅಂತ ಮಾವ ಇವತ್ತಿಗೂ ಔರಾದ್ ಬಸ್‌ಸ್ಟ್ಯಾಂಡ್ ತುಂಬ ಹೇಳ್ಕೋತ ತಿರುಗ್ತಾನ. ಹೇಳ್ಲಿ ಬಿಡ್ರಿ, ಪೂರಾ ಸುಳ್ಳೂ ಅಲ್ಲ.

ಆದರ ನೌಕರೀನೂ ಮನಿಯಿಂದಲೇ. ಅದೇ ಖೋಲಿ, ಅದೇ ಕುರ್ಚಿ. ಓಣಿ ಮಂದಿಗಿ ಹಬ್ಬ ಆಯ್ತು. "ಡಿಗ್ರೀನೂ ಮೊಬೈಲ್‌ನ್ಯಾಗ, ನೌಕರೀನೂ ಮೊಬೈಲ್‌ನ್ಯಾಗ! ಊಟಾನರ ತಾಟಿನ್ಯಾಗ ಮಾಡ್ತಾಳಿಲ್ಲೋ?" ಅಪ್ಪ ಈ ಸಲ ಪೇಢೆ ತರಲಿಲ್ಲ. ಅದು ನನಗ ಭಾಳ ನಟ್ಟಿತು.

ಕೆಲಸದ ಮೊದಲ ದಿನ. ಇನ್ನೇನು ಹೆಡ್‌ಫೋನ್ ಹಾಕ್ಕೋಬೇಕು, ಹೊರಗ ಮುಂದಿನ ಮನಿ ಅಜ್ಜಿ ದನಿ ಬಂತು. "ಹುಡುಗಿ ಎಲ್ಲಿ ಅದಾಳ? ನನ್ನ ರಿಚಾರ್ಜ್ ಮುಗದದ." ಅಭ್ಯಾಸಬಲ, ನಾ ಎದ್ದೆ. ಬಾಗಲ ಸಂದಿಯಾಗ ನೋಡ್ತೇನಿ, ಅಪ್ಪ ನನ್ನ ಖೋಲಿಗಿ ಅಡ್ಡ ಕುರ್ಚಿ ಹಾಕಿ, ತಲಿ ಮ್ಯಾಲ ಟೊಪಗಿ ಇಟ್ಟು ಕೂತಾನ.

"ಮನ್ಯಾಗ ಇಲ್ಲರಿ," ಅಂದ. "ಆಫೀಸಿಗಿ ಹೋಗ್ಯಾಳ. ಸಂಜೀಕ ಬರ್ತಾಳ."