ಮೈಕಿನ ಮುಂದೆ ಪ್ರೇಮಳ ಹೆಸರು

ಮೊದಲು ಬಂದದ್ದು ತಲೆನೋವು. ಹಣೆಯೊಳಗೆ ಯಾರೋ ಹಾರೆ ಹಾಕಿ ಮೀಟಿದ ಹಾಗೆ.

ನಾನು ಬಾಳೂರಿನ ಒಂದು ಎಸ್ಟೇಟಿನಲ್ಲಿ ರೈಟರ್ ಆಗಿದ್ದೆ. ಬೆಳಿಗ್ಗೆ ಆಳುಗಳ ಹಾಜರಿ ಹಾಕುವುದು, ಸಂಜೆ ಕೊಯ್ದ ಕಾಫಿಹಣ್ಣನ್ನು ತೂಗಿಸಿ ಬರೆದುಕೊಳ್ಳುವುದು. ಆ ಸಂಜೆ ಮೂಟೆಗಳ ಎದುರು ನಿಂತಿದ್ದಾಗ ಕಣ್ಣು ಉರಿಯತೊಡಗಿತು. ಸೊಂಟ ಹಿಡಿದುಕೊಂಡಿತು. ಹೇಗೋ ಮನೆ ಸೇರಿದರೆ ಪ್ರೇಮ ಆಗಲೇ ಕಂಬಳಿ ಹೊದ್ದು ಮಲಗಿದ್ದಳು.

ಪ್ರೇಮ ನನ್ನ ಗಂಡನ ತಂಗಿ. ತನ್ನ ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ನಮ್ಮ ಜೊತೆಗೇ ಇದ್ದಳು. ಅದೇ ಎಸ್ಟೇಟಿನಲ್ಲಿ ಕೊಯ್ಲಿಗೆ ಬರುತ್ತಿದ್ದಳು.

"ನಿಮ್ಗೂ ಬಂತಾ ಅತ್ಗೆ?" ಎಂದಳು. ಕಣ್ಣು ಕೆಂಪಾಗಿತ್ತು. "ಇನ್ನು ಅಡಿಗೆಯೆಲ್ಲ ಅಮ್ಮನ ತಲೆ ಮೇಲೇ ಮಾರಾಯ್ತಿ!"

ಹಿಂದಿನ ವಾರ ಇಬ್ಬರೂ ಕೊಟ್ಟಿಗೆಗೆ ತರಗೆಲೆ ತರಲು ಕಾಡಂಚಿಗೆ ಹೋಗಿದ್ದೆವು. ಅಲ್ಲಿ ಏನೋ ಸತ್ತ ವಾಸನೆ ಇತ್ತು. ಮೂಗಿಗೆ ಸೆರಗು ಹಿಡಿದು ಹೊರೆ ಕಟ್ಟಿಕೊಂಡು ಬಂದೆವು. ಕಾಡೆಂದ ಮೇಲೆ ಏನಾದರೂ ಸತ್ತಿರುತ್ತದೆ.

ಮಾತ್ರೆಗೆ ಜ್ವರ ಬಗ್ಗಲಿಲ್ಲ. ನನ್ನ ಗಂಡ ಜೀಪು ಓಡಿಸುತ್ತಾರೆ. ಅದರಲ್ಲೇ ಇಬ್ಬರನ್ನೂ ಮಲಗಿಸಿಕೊಂಡು ಮೂಡಿಗೆರೆಗೆ ಹೋದರು. ರಕ್ತ ತೆಗೆದರು. ಅಲ್ಲಿಂದ ಆಂಬುಲೆನ್ಸಿನಲ್ಲಿ ದೊಡ್ಡ ಆಸ್ಪತ್ರೆಗೆ.

ರಿಪೋರ್ಟ್ ಬಂತು. ಕೆಎಫ್‌ಡಿ ಪಾಸಿಟಿವ್. ಇಬ್ಬರಿಗೂ.

ಮಂಗನ ಕಾಯಿಲೆ.

ಡಾಕ್ಟರ್ ನನ್ನ ಗಂಡನಿಗೆ ಹೇಳುತ್ತಿದ್ದದ್ದು ಅರೆಬರೆ ಕೇಳಿಸಿತು. "ಕಾಡಲ್ಲಿ ಮಂಗ ಸತ್ತ ಕಡೆ ರಕ್ತ ಹೀರೋ ಉಣುಗು ಕಚ್ಚಿ ಬಂದಿದೆ. ಇದಕ್ಕೇ ಅಂತ ಔಷಧಿ ಇಲ್ಲ. ಮೈ ತಾನೇ ತಡ್ಕೋಬೇಕು, ನಾವು ಆಸರೆ ಕೊಡ್ತೀವಿ ಅಷ್ಟೆ."

ಒಂದೇ ವಾರ್ಡಿನಲ್ಲಿ ಅಕ್ಕಪಕ್ಕದ ಬೆಡ್. ಕೈಯಲ್ಲಿ ಡ್ರಿಪ್. ಒಂದು ಬೆಳಿಗ್ಗೆ ಪ್ರೇಮ ಬಾಯಿ ಮುಕ್ಕಳಿಸಿ ಉಗಿದಾಗ ಬಟ್ಟಲಿನ ತುಂಬ ಕೆಂಪು. ಅವಳು ಅದನ್ನೇ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಪ್ಲೇಟ್‌ಲೆಟ್ ತುಂಬ ಇಳಿದಿದೆ ಎಂದು ನರ್ಸ್ ಓಡಿದರು. ಅವಳನ್ನು ಐಸಿಯುಗೆ ಒಯ್ದರು. ಸ್ಟ್ರೆಚರ್ ತಿರುಗುವಾಗ ಅವಳ ಕಾಲು ಮಾತ್ರ ಕಾಣಿಸಿತು. ಪಾದದಲ್ಲಿ ಇನ್ನೂ ಕಾಫಿತೋಟದ ಮಣ್ಣಿನ ಕಲೆ.

ಮಾರನೆಯ ದಿನ ನನ್ನ ಗಂಡ ಬಂದು ಬೆಡ್ಡಿನ ಪಕ್ಕ ಕೂತರು. "ಗಂಜಿ ಕುಡಿ" ಎಂದರು. ಮತ್ತೆ "ಗಂಜಿ ಕುಡಿ" ಎಂದರು.

ನಾನು ಪ್ರೇಮಳ ಖಾಲಿ ಬೆಡ್ ನೋಡಿದೆ. ಕುಡಿದೆ.

ಮನೆಗೆ ಬಂದ ಮೇಲೆ ಮುಗಿಯಿತು ಎಂದುಕೊಂಡಿದ್ದೆ. ಮುಗಿದಿರಲಿಲ್ಲ. ಸ್ವಲ್ಪ ದಿನ ಬಿಟ್ಟು ಜ್ವರ ಮರಳಿತು. ಈ ಸಲ ತಲೆಗೇ ಏರಿತು. ಕೈ ನಡುಗುತ್ತಿತ್ತು. ಉಪ್ಪು ಬೇಕೆಂದರೆ ಬಾಯಿಗೆ ಬೇರೇನೋ ಬರುತ್ತಿತ್ತು. ಒಮ್ಮೆ ಅತ್ತೆಯನ್ನು ಪ್ರೇಮ ಎಂದು ಕರೆದುಬಿಟ್ಟೆ. ಅವರು ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು ಹಿತ್ತಲಿಗೆ ಹೋದರು. ತುಂಬ ಹೊತ್ತು ಒಳಗೆ ಬರಲಿಲ್ಲ. ಬಂದವರು ಅದೇ ತಟ್ಟೆ ಎತ್ತಿಕೊಂಡು ನನಗೆ ತುತ್ತು ಕೊಟ್ಟರು.

ಹೆತ್ತ ಮಗಳನ್ನು ಮಣ್ಣಿಗಿಟ್ಟ ಕೈ ಉಳಿದ ಸೊಸೆಗೆ ಉಣಿಸುತ್ತಿತ್ತು. ಆ ಅನ್ನವನ್ನು ನುಂಗುವುದು ಜ್ವರಕ್ಕಿಂತ ಕಷ್ಟವಾಗಿತ್ತು. ಮಗಳ ಬದಲು ಇವಳೇಕೆ ಉಳಿದಳು ಎಂದು ಅವರು ಎಂದೂ ಅನ್ನಲಿಲ್ಲ. ಅಂದಿದ್ದರೆ ನಾನು ಹಗುರಾಗುತ್ತಿದ್ದೆನೇನೋ.

ಮಳೆ ಬಂತು, ಹೋಯಿತು. ಜ್ವರ ಬಿಟ್ಟರೂ ಬಲಗೈ ನಡುಕ ಬಿಡಲಿಲ್ಲ. ಪೆನ್ನು ಹಿಡಿದರೆ ಅಕ್ಷರ ಗೆರೆ ದಾಟುತ್ತಿತ್ತು. ರೈಟರ್ ಕೆಲಸಕ್ಕೆ ಬೇರೆಯವರು ಬಂದರು. ನಾನು ಜಗಲಿಯಲ್ಲಿ ಕೂತು ಜೀಪುಗಳನ್ನು ನೋಡುತ್ತಿದ್ದೆ. ಉಳಿದದ್ದು ಯಾತಕ್ಕೆ ಎಂದು ಕೇಳಿಕೊಳ್ಳುತ್ತಿದ್ದೆ.

ಮತ್ತೆ ಕೊಯ್ಲಿನ ಕಾಲ ಬಂದಾಗ ಸರ್ಕಾರಿ ಆಸ್ಪತ್ರೆಯ ಲೇಡಿ ಡಾಕ್ಟರ್ ಮನೆಗೆ ಬಂದರು. ಎಸ್ಟೇಟ್ ಲೈನ್‌ಗಳಲ್ಲಿ, ಅಂದರೆ ಆಳುಗಳು ಸಾಲಾಗಿ ವಾಸವಿರುವ ಮನೆಗಳ ಹತ್ತಿರ, ಮಂಗನ ಕಾಯಿಲೆ ಬಗ್ಗೆ ಸಭೆ ಮಾಡುತ್ತಿದ್ದರಂತೆ.

"ನಾವು ಹೇಳಿದ್ರೆ ತಲೆ ಆಡಿಸ್ತಾರೆ ಸರೋಜಮ್ಮ. ಉಣುಗು ಹತ್ತಬಾರ್ದು ಅಂತ ಕೊಟ್ಟ ಎಣ್ಣೆ ಹಚ್ಕೊಳ್ದೇ ಕಾಡಿಗೆ ಹೋಗ್ತಾರೆ. ಜ್ವರ ಬಂದ್ರೆ ಮುಚ್ಚಿಡ್ತಾರೆ. ಅನುಭವಿಸಿದೋರು ನೀವು. ಒಂದೆರಡು ಮಾತಾಡಿ."

ಡಾಕ್ಟರ್ ಹೋದ ಮೇಲೆ ಅತ್ತೆ ಮೊದಲ ಸಲ ದನಿ ಎತ್ತಿದರು.

"ಸತ್ತೋಳ ಸುದ್ದೀನ ಮೈಕಲ್ಲಿ ಹೇಳ್ಕೊಂಡ್ ತಿರುಗ್ತೀಯಾ? ನನ್ ಮಗಳು ನಿಂಗೆ ಭಾಷಣನಾ?"

ಆದರೂ ಹೋದೆ. ಮನೆಯಲ್ಲಿ ಸುಮ್ಮನೆ ಕೂತಿರುವುದು ಅದಕ್ಕಿಂತ ಕಷ್ಟವಾಗಿತ್ತು.

ಮೊದಲ ಸಭೆ ಕಳಸದ ಕಡೆಯ ಒಂದು ತೋಟದಲ್ಲಿ. ಹೇಳಬೇಕಾದದ್ದನ್ನೆಲ್ಲ ಬಾಯಿಪಾಠ ಮಾಡಿದ್ದೆ. ಮೈಕ್ ಹಿಡಿದಾಗ ಕೈ ನಡುಗಿ ಅದು ಹಲ್ಲಿಗೆ ತಾಗಿತು. ಯಾರೋ ನಕ್ಕರು. ತಲೆನೋವು, ಕಣ್ಣು ಕೆಂಪು, ಮೈಕೈ ನೋವು ಎಂದು ಹೇಳುತ್ತ ಹೋದೆ. ಆದರೆ ಬಾಯಿ ಅಲ್ಲಿದ್ದರೂ ಮನಸ್ಸು ಮುಂದೆ ಬರಲಿರುವ ಒಂದು ವಾಕ್ಯದ ಹತ್ತಿರ ಹೋಗಿ ನಿಂತಿತ್ತು. 'ನನ್ನ ನಾದಿನಿ ಪ್ರೇಮ ತೀರಿಕೊಂಡಳು.' ಅದು ಬರುತ್ತದೆ, ಈಗ ಬರುತ್ತದೆ ಎಂದು ಹೆದರುತ್ತಲೇ ಹೇಳುತ್ತಿದ್ದ ಮಾತೂ ಕೈಬಿಟ್ಟಿತು. ನಿಂತೆ. ಬಾಯಿ ತೆರೆದೇ ಇತ್ತು. ಡಾಕ್ಟರ್ ಮೈಕ್ ತೆಗೆದುಕೊಂಡರು.

ಜೀಪಿನಲ್ಲಿ ಗಂಡ ಬೈಯಲಿಲ್ಲ. "ಬೇಡ ಅನ್ಸಿದ್ರೆ ಬಿಡು" ಎಂದರು.

ಬಿಡುವವಳೇ ಇದ್ದೆ. ಆದರೆ ಮುಂದಿನ ಸಭೆ ನಮ್ಮದೇ ಎಸ್ಟೇಟಿನ ಲೈನಿನಲ್ಲಿ. ಪ್ರೇಮ ಕೊಯ್ಲು ಮಾಡಿದ ಜಾಗ. ತಪ್ಪಿಸಿಕೊಳ್ಳಲು ಆಗಲಿಲ್ಲ.

ಕೆಲಸ ಮುಗಿಸಿ ಬಂದವರು ಕಾಫಿ ಒಣಗಿಸುವ ಕಣದಲ್ಲಿ ಕೂತಿದ್ದರು. ಬಯಲುಸೀಮೆಯಿಂದ ಬಂದ ಹೊಸಬರೇ ಹೆಚ್ಚು. ಈ ಸಲ ಏನೂ ಬಾಯಿಪಾಠ ಮಾಡಿರಲಿಲ್ಲ. ಎದ್ದು ನಿಂತೆ. ಎಲ್ಲಿಂದ ಶುರು ಮಾಡಬೇಕೆಂದು ತಿಳಿಯಲಿಲ್ಲ. ಎದುರಿಗಿದ್ದವರನ್ನು ಸುಮ್ಮನೆ ನೋಡಿದೆ.

ಮುಂದೆ ಕೂತಿದ್ದ ಹೆಂಗಸೊಬ್ಬಳು ಕಾಲು ಕೆರೆದುಕೊಳ್ಳುತ್ತಿದ್ದಳು.

"ಏನಮ್ಮ ಅದು? ಸೀರೆ ಸ್ವಲ್ಪ ಎತ್ತು, ನೋಡಣ" ಎಂದೆ.

ಮೀನಖಂಡದ ಮೇಲೆ ಕಪ್ಪು ಚುಕ್ಕೆ. ಉಣುಗು. ಇನ್ನೂ ಕಚ್ಚಿಕೊಂಡೇ ಇತ್ತು. ಡಾಕ್ಟರ್ ಚಿಮಟಿಗೆಯಿಂದ ತೆಗೆದರು. ಕಣದಲ್ಲಿದ್ದ ಅಷ್ಟೂ ಜನ ತಮ್ಮ ತಮ್ಮ ಕಾಲು ನೋಡಿಕೊಳ್ಳತೊಡಗಿದರು. ಯಾರೂ ನಗಲಿಲ್ಲ.

"ಎಲ್ಲಾ ಉಣುಗಲ್ಲೂ ಕಾಯಿಲೆ ಇರಲ್ಲ" ಎಂದೆ. "ಯಾವುದ್ರಲ್ಲಿ ಇರುತ್ತೆ ಅಂತ ನೋಡಿದ್ರೆ ಗೊತ್ತಾಗಲ್ಲ. ನಂಗೂ ಗೊತ್ತಾಗ್ಲಿಲ್ಲ."

ಆಮೇಲೆ ಮಾತು ಬಂತು. ಆ ಹೆಂಗಸಿನ ಮುಖ ನೋಡಿ ಒಂದು ಮಾತು. ಅದು ಮುಗಿದ ಮೇಲೆ ಇನ್ನೊಬ್ಬರ ಮುಖ ನೋಡಿ ಮುಂದಿನದು. ಮುಂದೇನು ಎಂದು ಹುಡುಕಲು ಹೋಗಲಿಲ್ಲ. ಕೈ ನಡುಗುತ್ತಿತ್ತು, ನಡುಗಲಿ ಎಂದು ಬಿಟ್ಟೆ. ಹೀಗೆ ಒಂದೊಂದೇ ಮಾತಿನಲ್ಲಿ ಇರುತ್ತ ಇರುತ್ತ, ನಾನು ಹೆದರಿದ್ದ ವಾಕ್ಯವೂ ಬಂತು.

"ನನ್ ನಾದಿನಿ ಪ್ರೇಮ. ನಿಮ್ಮಲ್ಲಿ ಕೆಲವ್ರು ಅವಳ ಜೊತೆ ಹಣ್ಣು ಕೊಯ್ದಿದ್ದೀರಿ. ಅವಳು ತೀರ್ಕೊಂಡ್ಳು."

ಹೇಳಿದೆ. ಆಮೇಲೂ ನಿಂತೇ ಇದ್ದೆ.

ಮುಂದೆ ಕೂತಿದ್ದ ಅದೇ ಹೆಂಗಸು ಎದ್ದಳು. ಸೆರಗಿನ ತುದಿ ಹಿಂಡುತ್ತಿದ್ದಳು.

"ಅಕ್ಕಾ, ನಮ್ ಯಜಮಾನ್ರು ಒಳಗೆ ಮಲ್ಗವ್ರೆ. ಕಣ್ಣು ಕೆಂಪಗಾಗದೆ. ಕೆಲ್ಸದಿಂದ ಬಿಡಿಸ್ತಾರೆ ಅಂತ ಯಾರ್ಗೂ ಹೇಳ್ಬ್ಯಾಡ ಅಂದ್ರು."

ಸಭೆ ಅಲ್ಲಿಗೇ ಮುಗಿಯಿತು. ನಾಲ್ಕು ಜನ ಸೇರಿ ಅವನನ್ನು ಜೀಪಿಗೆ ಹಾಕಿದರು. ಮೂಡಿಗೆರೆಯವರೆಗೂ ಅವನ ತಲೆ ಹೆಂಡತಿಯ ತೊಡೆಯ ಮೇಲಿತ್ತು. "ಉಳೀತಾರಾ ಅಕ್ಕಾ?" ಎಂದು ಅವಳು ಕೇಳಿದಳು. "ಗೊತ್ತಿಲ್ಲಮ್ಮ. ಈಗ ನೀರು ಕುಡಿಸು" ಎಂದೆ. ಅದಕ್ಕಿಂತ ಹೆಚ್ಚು ನನಗೂ ಗೊತ್ತಿರಲಿಲ್ಲ.

ಅವನಿಗೂ ಅದೇ ಕಾಯಿಲೆ. ಆದರೆ ಬೇಗ ಹೋದದ್ದು ಒಳ್ಳೆಯದಾಯಿತು ಎಂದರು ಡಾಕ್ಟರ್. ಎಲುಬಿನ ಗೂಡಾಗಿ ಲೈನಿಗೆ ಮರಳಿದ. ಉಳಿದ.

ಅವನು ಉಳಿದ ಸುದ್ದಿ ತಿಳಿದ ದಿನ ಅತ್ತೆ ಒಲೆಯ ಮುಂದೆ ಕೂತಿದ್ದರು. ತಿರುಗಿ ನೋಡದೆಯೇ ಕೇಳಿದರು: "ಅವಳ ಹೆಸ್ರು ಹೇಳಿದ್ಯಂತೆ."

"ಹೇಳ್ದೆ ಅತ್ತೆ."

ಒಲೆಗೆ ಕಟ್ಟಿಗೆ ನೂಕಿದರು. ಸೆರಗಿನಿಂದ ಕಣ್ಣೊರೆಸಿಕೊಂಡರು; ಅಳುವೋ, ಹೊಗೆಯೋ ತಿಳಿಯಲಿಲ್ಲ.

"ಅವಳಿಗೆ ಹಾಡು ಬರ್ತಿತ್ತು" ಎಂದರು ಕೊನೆಗೆ. "ಕಾಯಿಲೆ ಒಂದನ್ನೇ ಹೇಳ್ಬೇಡ. ಅದನ್ನೂ ಹೇಳು."