ಆಚೆಯವರ ಪೆಟ್ಟಿಗೆ

ನಿಶಿವಾಕಿ ಕಾಂಜಿಯ ಲಾಂಡ್ರಿಗೆ ಒಂದು ಷರ್ಟು ಕೊಡಲು ಹೋದವರು ಬೇಗ ಹೊರಗೆ ಬಂದದ್ದನ್ನು ನಾನು ಕಂಡಿಲ್ಲ. ಒಸಾಕಾದಲ್ಲಿ ಉದ್ದಕ್ಕೂ ಸೂರು ಹಾಕಿದ ನಮ್ಮ ಪೇಟೆಬೀದಿಯಲ್ಲಿ ಅವನ ಅಂಗಡಿಗೆ ಸರಿಯಾಗಿ ಎದುರು ನನ್ನ ಉದೊನ್ ಶಾವಿಗೆ ಅಂಗಡಿ. ನಾನು ಶಾವಿಗೆ ಬೇಯಿಸುತ್ತ, ಅವನು ಇಸ್ತ್ರಿ ಮಾಡುತ್ತ, ಒಬ್ಬರ ಮುಖ ಒಬ್ಬರು ನೋಡಿಕೊಂಡೇ ಆಯಸ್ಸು ಕಳೆದೆವು. ಅವನ ಬಾಯಲ್ಲಿ ಇದ್ದದ್ದು ಒಂದೇ ಮಾತು, ಶಿರಾನೆ ಕಂಪನಿಯ ವಿಡಿಯೋ ಗೇಮು.

ಟೀವಿಗೆ ಜೋಡಿಸಿ ಆಟ ಆಡುವ ಶಿರಾನೆಯ ಮೊದಲ ಪೆಟ್ಟಿಗೆ ಅಟ್ಟದಿಂದ ಬಿದ್ದರೂ ಓಡುತ್ತಿತ್ತಂತೆ. ಎರಡನೆಯದು ಜಗತ್ತಿನಲ್ಲೇ ಶ್ರೇಷ್ಠ, ಆದರೆ ಕಂಪನಿಯವರು ಅದಕ್ಕೆ ಸಾಕಷ್ಟು ಆಟ ಮಾಡಲಿಲ್ಲ, ತಪ್ಪು ಪೆಟ್ಟಿಗೆಯದಲ್ಲ. ‘ದೋಣಿಗಾರ ತೊಕಿಚಿ’ ಆಟಗಳಲ್ಲಿ ಮೂರನೆಯದನ್ನು ಮೀರಿಸಿದ್ದು ಇಲ್ಲ. ನಾಲ್ಕನೆಯದರಲ್ಲಿ ತೊಕಿಚಿಯ ದೋಣಿಗೆ ಒಂದು ಮಾತಾಡುವ ಬಾತುಕೋಳಿಯನ್ನು ಹತ್ತಿಸಿದ ಪುಣ್ಯಾತ್ಮ ಯಾರೋ, ಅವನನ್ನು ಅದೇ ಹೊಳೆಗೆ ನೂಕಬೇಕು. ಗಿರಾಕಿ ಕಾಲರಿನ ಕಲೆ ತೋರಿಸುತ್ತಿದ್ದರೆ ಕಾಂಜಿ ಬಾತುಕೋಳಿಯನ್ನು ಬೈಯುತ್ತಿದ್ದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜನ ಎಲ್ಲ ಕಡೆಯೂ ಇರುತ್ತಾರೆ, ಇವನು ಆ ಮೂರು ಕಾಲಿನ ಗುಣಗಾನವನ್ನೂ ಮಾಡುತ್ತಿದ್ದ.

ಶಿರಾನೆಗೆ ಪೈಪೋಟಿಯಾಗಿ ಇನ್ನೊಂದು ಕಂಪನಿ ಇತ್ತು. ಅದರ ಹೆಸರನ್ನು ಅವನು ಎಂದೂ ಬಾಯಿಬಿಟ್ಟು ಹೇಳಲಿಲ್ಲ. ಹಳೇ ಕಾಲದ ಹೆಂಗಸರು ಮರ್ಯಾದೆಯಿಂದ ಗಂಡನ ಹೆಸರು ಹೇಳುತ್ತಿರಲಿಲ್ಲ, ಇವನು ದ್ವೇಷದಿಂದ ಹೇಳುತ್ತಿರಲಿಲ್ಲ. ‘ಆಚೆಯವರು’ ಅಂದರೆ ಬೀದಿಗೆಲ್ಲ ಅರ್ಥವಾಗುತ್ತಿತ್ತು. ನಾವು ನಗುತ್ತಿದ್ದೆವು. ನಗದೆ ಇದ್ದವಳು ಅವನ ಮಗಳು ಚಿನಾತ್ಸು ಒಬ್ಬಳೇ. ಅವನ ಈ ಹುಚ್ಚಿಗೆ ದಂಡ ತೆತ್ತವಳೂ ಅವಳೇ.

ತಾಯಿ ತೀರಿಕೊಂಡಾಗ ಚಿನಾತ್ಸು ಇನ್ನೂ ಚಡ್ಡಿಯ ಗುಂಡಿ ಹಾಕಿಕೊಳ್ಳಲು ಬಾರದ ಮಗು. ಮದುವೆಗೆ ಮುಂಚೆ ಕಾಂಜಿಯೂ ಆಕೆಯೂ ಶಿರಾನೆಯ ಆ ಮೊದಲ ಪೆಟ್ಟಿಗೆಯಲ್ಲಿ ತೊಕಿಚಿ ಆಡುತ್ತ ಪರಿಚಯವಾದವರು. ಹೋದವಳ ನೆನಪಿಗೆ ಕೆಲವರು ಫೋಟೋ ಇಟ್ಟುಕೊಳ್ಳುತ್ತಾರೆ, ಕಾಂಜಿ ಕಂಪನಿಯನ್ನೇ ಇಟ್ಟುಕೊಂಡ. ಅಂಗಡಿ ಮುಚ್ಚಿದ ಮೇಲೆ ಅಪ್ಪ ಮಗಳು ಟೀವಿಯ ಮುಂದೆ ಕೂತು ದೋಣಿ ದಾಟಿಸುತ್ತಿದ್ದರೆ ಅವಳ ನಗು ನನ್ನ ಅಡುಗೆಮನೆಯವರೆಗೂ ಕೇಳುತ್ತಿತ್ತು. ಅಲ್ಲಿಯವರೆಗೆ ನನಗೂ ಅವನ ಹುಚ್ಚಿನ ಮೇಲೆ ಬೇಸರವಿರಲಿಲ್ಲ.

ಅವಳು ಮೂರನೇ ಕ್ಲಾಸಿಗೆ ಬಂದಾಗ ಆಚೆಯವರು ಕೈಯಲ್ಲಿ ಹಿಡಿದು ಆಡುವ ಪುಟ್ಟ ಯಂತ್ರ ತಂದರು. ಎರಡು ಯಂತ್ರಗಳ ಮಧ್ಯೆ ಒಂದು ವೈರು ಸಿಕ್ಕಿಸಿದರೆ ಇಬ್ಬರು ಸೇರಿ ಆಡಬಹುದು. ಶಾಲೆ ಬಿಟ್ಟ ಕೂಡಲೇ ಮಕ್ಕಳೆಲ್ಲ ದೇವಸ್ಥಾನದ ಹಿಂದಿನ ಪಾರ್ಕಿನಲ್ಲಿ ಗುಂಪುಗುಂಪಾಗಿ ಕೂರುತ್ತಿದ್ದರು. ಅವಳು ಅಪ್ಪನ ಇಸ್ತ್ರಿ ಮೇಜಿನ ಪಕ್ಕ ನಿಂತು ಕೇಳಿದ್ದು ನನಗೆ ಇಲ್ಲಿಂದಲೇ ಕೇಳಿಸಿತು.

“ಅಪ್ಪಾ, ನಮ್ ಕ್ಲಾಸಲ್ಲಿ ಎಲ್ರ ಹತ್ರಾನೂ ಆಚೆಯವರ್ದೇ ಇರೋದು. ನಂಗೂ ಅದೇ ಕೊಡ್ಸು.”

ಪಾಪ, ಆ ಮಗುವಿಗೂ ಅದರ ನಿಜವಾದ ಹೆಸರು ಹೇಳುವ ಧೈರ್ಯವಿರಲಿಲ್ಲ.

ಕಾಂಜಿ ಅವಳ ತಲೆ ಸವರಿ, ಆಚೆಯವರ ಯಂತ್ರದ ಪರದೆ ಪಾಚಿ ಕಟ್ಟಿದ ನೀರಿನ ಬಣ್ಣದ್ದು, ನಮ್ಮ ಶಿರಾನೆಯವರು ಏಳು ಬಣ್ಣದ್ದು ತರುತ್ತಿದ್ದಾರೆ, ತಡಿ ಎಂದ. ಬಿಡುಗಡೆಯ ದಿನ ಬೆಳಕು ಹರಿಯುವ ಮೊದಲೇ ಹೋಗಿ ಸಾಲಿನಲ್ಲಿ ನಿಂತು ತಂದ. ಬಣ್ಣ ನಿಜಕ್ಕೂ ಚೆನ್ನಾಗಿತ್ತು. ಬ್ಯಾಟರಿ ಮಾತ್ರ ಕಡಲೆಕಾಯಿಯಂತೆ ತಿನ್ನುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಅದರ ವೈರು ಬೇರೆ ಯಾರ ಯಂತ್ರಕ್ಕೂ ಕೂರುತ್ತಿರಲಿಲ್ಲ. ಪಾರ್ಕಿಗೆ ತೆಗೆದುಕೊಂಡು ಹೋದ ಹುಡುಗಿ ಸ್ವಲ್ಪ ಹೊತ್ತಿಗೇ ವಾಪಸು ಬಂದಳು. ಅಪ್ಪ ಕೇಳಿದ್ದಕ್ಕೆ, ಬಣ್ಣ ಎಲ್ಲರಿಗೂ ತುಂಬ ಇಷ್ಟವಾಯಿತು ಎಂದಳು. ಅವನು ಆ ಮಾತನ್ನು ವಾರಗಟ್ಟಲೆ ಗಿರಾಕಿಗಳಿಗೆ ಹೇಳಿದ.

ನನಗೆ ತಡೆಯಲಿಲ್ಲ. ಒಂದು ದಿನ ಊಟಕ್ಕೆ ಬಂದವನಿಗೆ ಬಟ್ಟಲು ಮುಂದಿಟ್ಟು ಕೇಳಿಯೇಬಿಟ್ಟೆ.

“ಕಾಂಜಿ, ನೀನು ಯಾರಿಗೆ ಅಪ್ಪ ಅಂತ ಸ್ವಲ್ಪ ಹೇಳು. ಆ ಕಂಪನಿಗೋ, ಈ ಹುಡುಗಿಗೋ?”

“ನಿಂಗೆ ಗೊತ್ತಾಗಲ್ಲ ಅಣ್ಣ. ಹೊಸ ಪೆಟ್ಟಿಗೆ ಬರ್ತಾ ಇದೆ, ಒಟ್ಟಿಗೆ ನಾಲ್ಕು ಜನ ಆಡ್ಬೋದು. ಆಮೇಲೆ ನೋಡ್ತಿರು, ಇಡೀ ಕ್ಲಾಸು ನಮ್ಮನೆ ಬಾಗ್ಲಲ್ಲಿ ನಿಂತಿರತ್ತೆ.”

ಅವನು ಅದನ್ನು ನಂಬಿದ್ದ. ಸುಳ್ಳು ಹೇಳುವವನಾಗಿದ್ದರೆ ನಾನು ಅವನನ್ನು ಇಷ್ಟು ಬೈಯುತ್ತಿರಲಿಲ್ಲ.

ಹೊಸ ಪೆಟ್ಟಿಗೆ ಬಂತು. ಚಿನಾತ್ಸುವಿನ ಹುಟ್ಟುಹಬ್ಬಕ್ಕೆ ಅವನು ಅಂಗಡಿಗೆ ರಜ ಹಾಕಿದ, ಗುಂಡಿ ಒತ್ತಿ ಆಡುವ ನಾಲ್ಕು ಹಿಡಿಕೆಗಳನ್ನು ಒರೆಸಿ ಚಾಪೆಯ ಮೇಲೆ ಸಾಲಾಗಿ ಇಟ್ಟ, ಸ್ಟ್ರಾಬೆರಿ ಕೇಕ್ ತಂದ. ಕರಿದ ಸೋಯಾ ತೋಫುವಿನ ಸಿಹಿ ಚೀಲಗಳಲ್ಲಿ ಅನ್ನ ತುಂಬಿ ಒಂದು ತಟ್ಟೆ ನಾನೂ ಕೊಂಡುಹೋದೆ. ಚಿನಾತ್ಸು ಕ್ಲಾಸಿನ ಹುಡುಗಿಯರನ್ನೆಲ್ಲ ಕರೆದಿದ್ದಳು. ಬಂದವಳು ಒಬ್ಬಳು, ಹೊನಾಮಿ ಅಂತ, ಗಾಜಿನಂಗಡಿಯವರ ಮಗಳು. ಮಂಡಿಯೂರಿ ನೆಟ್ಟಗೆ ಕೂತ ಒಳ್ಳೆಯ ಹುಡುಗಿ. ತೊಕಿಚಿಯನ್ನು ಸ್ವಲ್ಪ ಹೊತ್ತು ಆಡಿ, ಆ ಕಪ್ಪೆಗಳ ಆಟ ಇಲ್ಲವಾ ಮಾಮ ಎಂದು ಕೇಳಿದಳು. ಕಪ್ಪೆಗಳ ಆಟ ಆಚೆಯವರದು.

ಇಲ್ಲ ಪುಟ್ಟಿ ಅಂದಿದ್ದರೆ ಮುಗಿಯುತ್ತಿತ್ತು. ಕಾಂಜಿ ಶುರುಮಾಡಿದ. ಕಪ್ಪೆಗಳ ಆಟ ಯಾಕೆ ಕಳಪೆ, ಅದರ ನೀರು ಯಾಕೆ ನೀರಿನಂತೆ ಹರಿಯುವುದಿಲ್ಲ, ಆಚೆಯವರು ಹೇಗೆ ಪ್ರತಿ ವರ್ಷ ಅದೇ ಹಳೇ ಆಟಕ್ಕೆ ಹೊಸ ಟೋಪಿ ಹಾಕಿ ಮಕ್ಕಳಿಗೆ ಮೋಸ ಮಾಡುತ್ತಾರೆ, ಎಲ್ಲವನ್ನೂ ಹತ್ತು ವರ್ಷದ ಹುಡುಗಿಗೆ ಬಿಡಿಸಿ ಬಿಡಿಸಿ ಹೇಳಿದ. ನಾನು ಎರಡು ಸಲ ಕೆಮ್ಮಿದೆ. ಚಿನಾತ್ಸು ಅಪ್ಪನ ತೋಳು ಮುಟ್ಟಿದಳು. ಅವನಿಗೆ ಯಾವುದೂ ತಿಳಿಯಲಿಲ್ಲ. ಹೊನಾಮಿ ಮರ್ಯಾದೆಯಿಂದ ಪೂರ್ತಿ ಕೇಳಿಸಿಕೊಂಡಳು, ಹೌದು ಹೌದು ಎಂದು ತಲೆಯಾಡಿಸಿದಳು, ಕೇಕಿಗೆ ಥ್ಯಾಂಕ್ಸ್ ಹೇಳಿ ಬೂಟು ಹಾಕಿಕೊಂಡು ಹೊರಟುಹೋದಳು. ಮತ್ತೆ ಬರಲಿಲ್ಲ.

“ಚೆನ್ನಾಗಿ ಕೇಳಿಸ್ಕೊಂಡ್ಳು ಅಲ್ವಾ? ಬುದ್ಧಿವಂತೆ,” ಎಂದ ಕಾಂಜಿ.

ಚಿನಾತ್ಸು ಹೌದು ಅಪ್ಪ ಎಂದು ಲೋಟ ತೊಳೆಯಲು ಎದ್ದಳು.

ಆಮೇಲೆ ಅವಳು ಏನನ್ನೂ ಕೇಳಲಿಲ್ಲ. ಕೇಳುವುದನ್ನು ಬಿಟ್ಟ ಮಗು ಸುಧಾರಿಸಿತು ಎಂದು ಅಪ್ಪಂದಿರು ತಿಳಿಯುತ್ತಾರೆ. ದೊಡ್ಡ ಶಾಲೆಗೆ ಹೋದಳು. ಶಾಲೆಯ ಪ್ರವಾಸಕ್ಕೆ ನಿಮಗೆ ಬೇಕಾದವರ ಜೊತೆ ಗುಂಪು ಮಾಡಿಕೊಳ್ಳಿ ಅಂದಾಗ ಇವಳು ಯಾವ ಗುಂಪಿಗೂ ಸೇರದೆ ಉಳಿದಳಂತೆ. ಅವಳ ಟೀಚರು ನನ್ನ ಅಂಗಡಿಯಲ್ಲಿ ಉದೊನ್ ತಿನ್ನುತ್ತ ಹೇಳಿದರು. ಪ್ರವಾಸದ ದಿನ ಹೊಟ್ಟೆನೋವೆಂದು ಅವಳು ಮನೆಯಲ್ಲೇ ಉಳಿದಳು. ಒಂದು ಆಟದಿಂದ ಇಷ್ಟೆಲ್ಲ ಆಯಿತು ಎಂದು ನಾನು ಹೇಳಲಾರೆ. ಆದರೆ ಮಕ್ಕಳು ಗುಂಪು ಕಟ್ಟಿಕೊಳ್ಳುವ ವಯಸ್ಸಿನಲ್ಲಿ ಅವಳು ಹೊರಗೆ ಉಳಿದಳು, ಹೊರಗೆ ಇರುವುದನ್ನೇ ಕಲಿತಳು. ಶಾಲೆ ಮುಗಿದರೆ ನೇರ ಮನೆಗೆ ಬಂದು ಅಪ್ಪನ ಜೊತೆ ಇಸ್ತ್ರಿಗೆ ನಿಲ್ಲುತ್ತಿದ್ದಳು. ಹದಿನಾರಕ್ಕೆಲ್ಲ ಅಪ್ಪನಿಗಿಂತ ನೀಟಾಗಿ ಕಾಲರು ಮಡಿಸುತ್ತಿದ್ದಳು.

ಆ ವರ್ಷದ ಚಳಿಗಾಲದಲ್ಲಿ, ಮಧ್ಯಾಹ್ನದ ಸುದ್ದಿಯ ಹೊತ್ತಿಗೆ ಕಾಂಜಿ ನನ್ನ ಅಂಗಡಿಯಲ್ಲಿ ಊಟಕ್ಕೆ ಕೂತಿದ್ದ. ಟೀವಿಯಲ್ಲಿ ಶಿರಾನೆಯ ದೊಡ್ಡವರು ಕಪ್ಪು ಕೋಟು ಹಾಕಿ ಸಾಲಾಗಿ ನಿಂತು ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದರು. ಇನ್ನು ಮುಂದೆ ತಾವು ಪೆಟ್ಟಿಗೆ ಮಾಡುವುದಿಲ್ಲ, ತಮ್ಮ ಆಟಗಳೆಲ್ಲ ಆಚೆಯವರ ಪೆಟ್ಟಿಗೆಯಲ್ಲೇ ಬರುತ್ತವೆ, ಮೊದಲು ಬರುವುದು ತೊಕಿಚಿ ಎಂದರು. ಅವರಿಗೇನು, ಅದು ವ್ಯಾಪಾರ.

ಕಾಂಜಿ ಶಾವಿಗೆ ಎತ್ತಿದ ಕಡ್ಡಿಗಳನ್ನು ಹಾಗೇ ಹಿಡಿದುಕೊಂಡಿದ್ದ.

“ಹಾಗಿದ್ರೆ ನಾನು ಯಾಕೆ ಅವತ್ತು...” ಅಂದ. ನಾನು ಅವನ ಕಡೆ ನೋಡದೆ ಒಲೆಯ ಕಡೆ ತಿರುಗಿದೆ.

ತೊಕಿಚಿಯ ಹೊಸ ಆಟ ಬಂದ ದಿನ ಅವನು ಆಚೆಯವರ ಪೆಟ್ಟಿಗೆಯನ್ನೂ ತಂದ. ಅಂಗಡಿಯಲ್ಲಿ ಅದರ ಹೆಸರನ್ನು ಬಾಯಿಬಿಟ್ಟು ಹೇಳಿ ಕೊಂಡನಂತೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಮಗಳನ್ನು ಒಬ್ಬನೇ ಎದುರಿಸಲು ಹೆದರಿ ನನ್ನನ್ನೂ ಕರೆದ. ಚಿನಾತ್ಸು ಶಾಲೆಯಿಂದ ಬಂದು ಚೀಲ ಇಳಿಸುವ ಹೊತ್ತಿಗೆ ಎಲ್ಲ ಜೋಡಿಸಿ ಇಟ್ಟಿದ್ದ.

“ತಗೋಮ್ಮ. ನೀನು ಕೇಳಿದ್ಯಲ್ಲ, ಅವರ್ದೇ,” ಎಂದ. “ನಿನ್ ಫ್ರೆಂಡ್ಸ್‌ನೆಲ್ಲ ಕರಿ. ನಾನೇನೂ ಮಾತಾಡಲ್ಲ. ಬೇಕಾದ್ರೆ ಅಣ್ಣನ ಅಂಗ್ಡೀಲಿ ಕೂತಿರ್ತೀನಿ.”

ಅವಳು ಪೆಟ್ಟಿಗೆಯನ್ನು ನೋಡಿದಳು, ಅಪ್ಪನನ್ನು ನೋಡಿದಳು. ಸಿಟ್ಟಿರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ಎಂದು ನನಗೆ ಇವತ್ತಿಗೂ ಅನಿಸುತ್ತದೆ.

“ಯಾರನ್ನ ಕರೀಲಿ ಅಪ್ಪ?” ಎಂದಳು.

ಚುಚ್ಚಬೇಕೆಂದು ಕೇಳಿದ್ದಲ್ಲ. ಅವನು ಒಂದು ಹೆಸರು ಹೇಳಿದರೆ ಹೋಗಿ ಕರೆದುಕೊಂಡು ಬರುವವಳಂತೆ ನಿಂತಿದ್ದಳು. ಅವನು ನನ್ನ ಮುಖ ನೋಡಿದ. ನನಗೂ ಒಂದು ಹೆಸರು ಹೊಳೆಯಲಿಲ್ಲ.

“ನೀವಿಬ್ರೂ ಆಡಿ. ಡಾಕ್ಟ್ರ ಕೋಟು ನಾಳೆ ಬೆಳಗ್ಗೆ ಕೊಡ್ಬೇಕು,” ಎಂದು ಅಂಗಿಯ ತೋಳು ಮಡಿಸಿಕೊಂಡು ಅವಳು ಅಂಗಡಿಯ ಭಾಗಕ್ಕೆ ಹೋದಳು.

ನಾವಿಬ್ಬರೇ ಒಂದೊಂದು ಹಿಡಿಕೆ ಹಿಡಿದು ಕೂತೆವು. ನನಗೆ ಯಾವ ಗುಂಡಿ ಒತ್ತಬೇಕೆಂದೇ ತಿಳಿಯದು, ಅವನು ಹೇಳಿಕೊಡಲೂ ಇಲ್ಲ. ತೊಕಿಚಿಯ ದೋಣಿ ದಡ ಬಿಡುವ ಮೊದಲೇ ಕಾಂಜಿ ಅಳತೊಡಗಿದ, ಸಣ್ಣಗೆ ಅಲ್ಲ, ಬೀದಿಗೆ ಕೇಳುವಷ್ಟು ಜೋರಾಗಿ. ಆಚೆ ಕೋಣೆಯಲ್ಲಿ ಇಸ್ತ್ರಿ ಒಂದು ಕ್ಷಣ ನಿಂತಿತು. ಅವಳು ಬರುತ್ತಾಳೆಂದು ನಾನು ಬಾಗಿಲ ಕಡೆ ನೋಡಿದೆ. ಇಸ್ತ್ರಿಯ ಸದ್ದು ಮತ್ತೆ ಶುರುವಾಯಿತು.