ಕೂಸಿಗಿಂತ ಮುಂಚೆ ಬಂದ ಕುಲಾವಿ

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು ಎಂದು ನಮ್ಮ ಕಡೆ ಯಾರು ಬೇಕಾದರೂ ಹೇಳುತ್ತಾರೆ. ಪೈರು ತೆನೆ ಬಿಡುವ ಮೊದಲೇ ಭತ್ತದ ಲೆಕ್ಕ ಹಾಕುವವನಿಗೂ, ಹೆಣ್ಣು ಒಪ್ಪುವ ಮೊದಲೇ ವಾಲಗದವರಿಗೆ ವೀಳ್ಯ ಕೊಡುವವನಿಗೂ ಅದೇ ಗಾದೆ ಹೇಳಿ ನಗುತ್ತೇವೆ. ಹರಿಹರದ ಹತ್ತಿರದ ಸಾರಥಿ ಊರಿನ ಕೆಂಚಣ್ಣ ಮಾತ್ರ ನಿಜವಾಗಿಯೂ ಹೊಲಿಸಿಬಿಟ್ಟ. ಅವನ ಹೆಂಡತಿ ಓಬವ್ವನಿಗೆ ಅದರಲ್ಲಿ ನಗುವಂಥದ್ದು ಏನೂ ಕಾಣಲಿಲ್ಲ.

ನಯಾಪೈಸೆ ಬಂದ ಮರುವರ್ಷದ ಮಾತು. ಕೆಂಚಣ್ಣ ದಾವಣಗೆರೆಯ ಹತ್ತಿ ಮಿಲ್ಲೊಂದರಲ್ಲಿ ನೂಲು ತೆಗೆಯುವ ಖಾತೆಯಲ್ಲಿ ದುಡಿಯುತ್ತಿದ್ದ. ಮಂಡಿಪೇಟೆಯ ಹಿಂದೆ ಉಜ್ಜನಪ್ಪನವರ ವಠಾರದಲ್ಲಿ ಗಂಡಹೆಂಡಿರಿಗೆ ಒಂದು ಕೋಣೆ. ಓಬವ್ವನಿಗೆ ಏಳು ತಿಂಗಳು ತುಂಬಿತ್ತು. ಇದು ಮೂರನೆಯದು. ಮೊದಲೆರಡು ಹೆರಿಗೆ ಸಾರಥಿಯಲ್ಲೇ, ತಾಯಿ ಕಾಟಮ್ಮನ ಮನೆಯಲ್ಲೇ ಆಗಿದ್ದವು. ಒಂದು ಅಳಲೇ ಇಲ್ಲ. ಇನ್ನೊಂದು ನಗುವುದನ್ನು ಕಲಿತು, ಜ್ವರ ಬಂದು, ಹರಿಹರದ ಆಸ್ಪತ್ರೆಗೆ ಹೊರಟ ಗಾಡಿಯಲ್ಲೇ ಹೋಗಿಬಿಟ್ಟಿತು. ಅದಕ್ಕೇ ಈ ಸಲ ಲೇಡಿ ಡಾಕ್ಟರು ಊರಿಗೆ ಹೋಗಕೂಡದು, ಇಲ್ಲೇ ದವಾಖಾನೆಯಲ್ಲೇ ಹೆರಬೇಕು ಎಂದು ಖಡಾಖಂಡಿತ ಹೇಳಿದ್ದರು.

ಸರಿ, ಹೆರಬಹುದು. ಆದರೆ ಬಾಣಂತನವೆಂದರೆ ಬರೀ ಹೆರುವುದೇ? ಊರಲ್ಲಾದರೆ ಹರಳೆಣ್ಣೆ ಒಂದು ಮನೆಯಿಂದ ಬರುತ್ತದೆ, ಬಜೆ ಬೇರು ಇನ್ನೊಂದು ಮನೆಯಿಂದ, ಮೆತ್ತನೆಯ ಹಳೆ ಸೀರೆ ಕೇಳದೆಯೇ ಬರುತ್ತದೆ. ನೆಂಟರಿಲ್ಲದ ಪೇಟೆಯಲ್ಲಿ ಸೀಗೆಪುಡಿಯಿಂದ ಕುಳ್ಳಿನವರೆಗೆ ಎಲ್ಲಕ್ಕೂ ಅಂಗಡಿ ಮೆಟ್ಟಿಲು ಹತ್ತಬೇಕು. ಗಾಡಿಯಲ್ಲಿ ಸತ್ತ ಕೂಸಿನ ತಲೆ ಇನ್ನೂ ಕೆಂಚಣ್ಣನ ತೋಳಿನ ಮೇಲೇ ಇತ್ತು ಎನ್ನಬೇಕು. ಪ್ರತಿ ಸಂಬಳದ ದಿನ ಅವನು ಒಂದು ಮಣ್ಣಿನ ಗಡಿಗೆಯಲ್ಲಿ ಅಷ್ಟಿಷ್ಟು ಹಾಕಿ ಬಾಯಿಗೆ ಬಟ್ಟೆ ಕಟ್ಟುತ್ತಿದ್ದ. ಹೆಂಡತಿಗೂ ಅದನ್ನು ಮುಟ್ಟಗೊಡುತ್ತಿರಲಿಲ್ಲ.

ಓಬವ್ವನ ಚಿಂತೆ ಬೇರೆ. ಹರಿಹರದ ಸ್ಟೇಷನ್ನಿನಲ್ಲಿ ರೈಲು ಹತ್ತಿಸುವಾಗ ಕಾಟಮ್ಮ ಮಗಳ ಕೈಹಿಡಿದು ಹೇಳಿದ್ದಳು: "ಕೂಸಿಗೆ ಅಂತ ಹೊಸಾದು ಒಂದು ದಾರಾನೂ ಕೊಳ್ಳಬ್ಯಾಡ. ಐದು ಮನಿ ಹಳೆ ಬಟ್ಟಿ ಬೇಡ್ಕೊಂಡು ಇಟ್ಕೋ. ಆಡೋ ಕೂಸು ಇರೋ ಮನೀವು. ಜಡ್ಡು ಬಿದ್ದ ಕೂಸಿಂದು ಮಾತ್ರ ಒಳಗೆ ತರಬ್ಯಾಡ. ಎರಡು ಸಲ ಈ ಮಾತು ಮರ್ತಿದ್ದಕ್ಕೇ ನಮಗೆ ಹಿಂಗಾತು."

ಓಬವ್ವ ಬೇಡಿದಳು. ನಲ್ಲಿಯ ಹತ್ತಿರ ಕೊಡ ಇಟ್ಟು ಸಾಲಿನಲ್ಲಿ ನಿಂತಾಗ, ಸಣ್ಣ ಕೂಸಿದ್ದವರನ್ನೆಲ್ಲ ನಾಚಿಕೆ ಬಿಟ್ಟು ಕೇಳಿದಳು. ಒಬ್ಬಳು "ನಮಗೇ ಇನ್ನೊಂದಕ್ಕೆ ಬೇಕಾಗ್ತಾವು ಕಣವ್ವ" ಎಂದಳು. ಇನ್ನೊಬ್ಬಳು ನೆಲ ಒರೆಸಿ ಹರಿದುಹೋದವು ಎಂದಳು. ಎದುರು ಕೋಣೆಯ ಮೈಲಮ್ಮ ಮಗನನ್ನು ಸೆರಗಿನೊಳಗೆ ಎಳೆದುಕೊಂಡಳು. ಎರಡು ಕಳೆದುಕೊಂಡವಳ ಕೈಗೆ ನಮ್ಮ ಕೂಸಿನ ಬಟ್ಟೆ ಹೋದರೆ ಅದರ ಜೊತೆ ಇನ್ನೇನು ಹೋಗುತ್ತದೋ ಎಂಬ ಭಯ. ಓಬವ್ವನಿಗೆ ಅದು ಅರ್ಥವಾಯಿತು. ತಾನಾಗಿದ್ದರೂ ಹಾಗೇ ಮಾಡುತ್ತಿದ್ದೆ ಅನ್ನಿಸಿತು.

ಇಂಥ ಹೊತ್ತಿನಲ್ಲಿ ಕೆಂಚಣ್ಣ ಹಬ್ಬದ ಬೋನಸ್ಸು ಕೈಗೆ ಬಂದ ಖುಷಿಯಲ್ಲಿ ಪೊಟ್ಟಣವೊಂದನ್ನು ತಂದು ಅವಳ ಮುಂದೆ ಬಿಚ್ಚಿದ. ನಾಲ್ಕು ಪುಟ್ಟ ಅಂಗಿ, ತಲೆಗೆ ಕಟ್ಟಲು ಕೆಂಪು ಅಂಚಿನ ಒಂದು ಕುಲಾವಿ. ದರ್ಜಿ ಹಯಾತ್ ಸಾಬರ ಕೈಯ ಕೆಲಸ, ಹೊಲಿಗೆ ಹುಡುಕಿದರೂ ಕಾಣುತ್ತಿರಲಿಲ್ಲ.

"ಇವನ್ನ ಯಾಕ ತಂದ್ರಿ?" ಎಂದಳು ಓಬವ್ವ.

"ಆಗ ಕೈಯಾಗ ರೊಕ್ಕ ಇರ್ತೈತೋ ಇಲ್ಲೋ ಅಂತ..."

"ಎರಡು ಹೋಗಿದ್ದು ಸಾಲ್ದೇನ್ರಿ ನಿಮಗೆ?"

ಆ ಮಾತು ಆಡಬಾರದಿತ್ತು. ಕೆಂಚಣ್ಣ ಹೊಸಿಲ ಮೇಲೆ ಕೂತು, ಊಟಕ್ಕೆ ಕರೆದರೂ ಏಳಲಿಲ್ಲ. ಅವಳು ಪೊಟ್ಟಣವನ್ನು ಕೋಣೆಯಲ್ಲಿಡಲಾರಳು, ಎಸೆಯಲಾರಳು, ಸುಡುವ ಮಾತಂತೂ ಬಾಯಲ್ಲಿ ತರುವಂತಿಲ್ಲ. ಬೆಳಗಾದೊಡನೆ ಸೆರಗಿನಲ್ಲಿ ಮುಚ್ಚಿಕೊಂಡು ಹಯಾತ್ ಸಾಬರ ಮನೆಗೆ ಹೋದಳು.

"ವಾಪಸ್ ತಗೊಳ್ರಿ ಸಾಬಣ್ಣ. ಬೇರೆ ಗಿರಾಕಿಗೆ ಮಾರ್ರಿ. ರೊಕ್ಕ ಕೊಡಾದು ಬ್ಯಾಡ."

"ಯಾಕ ತಂಗೆವ್ವ, ಹೊಲಿಗಿ ಏನಾರ ಕೆಟ್ಟೈತಾ?" ಸಾಬರ ಮುಖ ಸಣ್ಣದಾಯಿತು.

ಅವಳು ಇದ್ದುದನ್ನು ಇದ್ದ ಹಾಗೆ ಹೇಳಿ ಅತ್ತಳು. ಒಳಗೆ ಮೊಮ್ಮಗಳನ್ನು ತೂಗುತ್ತಿದ್ದ ಸಾಬರ ಹೆಂಡತಿ ಪರದೆ ಸರಿಸಿ ಬಂದು ಒಂದು ಅಂಗಿಯನ್ನು ಎತ್ತಿಕೊಂಡಳು.

"ಅಳ್ತೀಯ ಯಾಕ? ಇದು ನಮ್ಮ ಮೊಮ್ಮಗಳದು. ನಿನ್ನ ಗಂಡ ನಮ್ಮ ಕೂಸಿಗೆ ಹೊಲಿಸಿದ್ದು. ಹಾಕಿ, ಒಗೆದು, ಹಳೇದಾದ ಮ್ಯಾಲ ಬಂದು ಬೇಡ್ಕೊಂಡು ಹೋಗು. ಇನ್ನೂ ನಾಕು ಅದಾವಲ್ಲ, ನಾಕು ಮನಿ ನೋಡ್ಕೋ."

ಓಬವ್ವ ಮರಳಿ ನಲ್ಲಿಯ ಹತ್ತಿರ ಬಂದಳು. ಕೊಡಿ ಎಂದಾಗ ಸೆರಗು ಬಿಗಿ ಮಾಡಿಕೊಂಡ ಕೈಗಳೇ ಈಗ ತಗೊಳ್ಳಿ, ಹಳೆಯದಾದ ಮೇಲೆ ಮರಳಿಸಿ ಎಂದರೆ ಎಷ್ಟು ಬೇಗ ಚಾಚಿದವು! ಮೈತುಂಬ ಚಿನ್ನವಿದ್ದ ವಠಾರದ ಓನರಮ್ಮ ಸರ್ವಮಂಗಳಮ್ಮನವರೂ ಮೊಮ್ಮಗನಿಗೆ ಒಂದು ಅಂಗಿ ತೆಗೆದುಕೊಂಡರು. ಬಿಟ್ಟಿ ಸಿಕ್ಕರೆ ನನಗೊಂದು, ನಮ್ಮಪ್ಪಗೊಂದು ಎನ್ನುವ ಜನ ಎಲ್ಲ ಜಾತಿಯಲ್ಲೂ ಇದ್ದಾರೆ. ಇನ್ನೆರಡು ಅಂಗಿ ಹಿಂದಿನ ಸಾಲಿನ ಎರಡು ಮನೆಗೆ ಹೋದವು. ಕೊನೆಗೆ ಉಳಿದ ಕುಲಾವಿಯನ್ನು ಮೈಲಮ್ಮನ ಮಗನ ತಲೆಗೆ ಓಬವ್ವ ತಾನೇ ಕಟ್ಟಿದಳು.

ಅಲ್ಲಿಗೆ ನೆಮ್ಮದಿಯಾಗಬೇಕಿತ್ತು. ಆಗಲಿಲ್ಲ. ಆಡುವ ಕೂಸಿನ ಬಟ್ಟೆ ಬೇಕೆಂದರೆ ಆ ಐದು ಕೂಸುಗಳೂ ಆಡುತ್ತಲೇ ಇರಬೇಕಲ್ಲ! ಇಲ್ಲಿಯವರೆಗೆ ಒಂದು ಹೊಟ್ಟೆಯ ಚಿಂತೆ ಇತ್ತು, ಈಗ ಐದು ತೊಟ್ಟಿಲ ಚಿಂತೆ ಸೇರಿತು. ಯಾವ ಕೋಣೆಯಲ್ಲಿ ಕೂಸು ಕೆಮ್ಮಿದರೂ ಓಬವ್ವನ ಕೈಯ ರೊಟ್ಟಿ ಹೆಂಚಿನ ಮೇಲೇ ಸೀಯುತ್ತಿತ್ತು. ಓನರಮ್ಮನ ಮೊಮ್ಮಗ ಹಾಲು ಕಕ್ಕಿದನೆಂದರೆ ಬಜೆ ತೇಯ್ದುಕೊಂಡು ಓಡುತ್ತಿದ್ದಳು. ಸಾಬರ ಮನೆಗೆ ದಿನಕ್ಕೊಂದು ನೆಪ ಹುಡುಕಿ ಹೋಗಿ ಕೂಸಿನ ಹಣೆ ಮುಟ್ಟಿ ಬರುತ್ತಿದ್ದಳು. ಹೆಂಗಸರು ಇವಳಿಗೇನು ಹುಚ್ಚು ಎಂದು ನಕ್ಕರು. ಆಮೇಲೆ ಅವರೇ ಕೂಸು ಅತ್ತರೆ ಓಬವ್ವನನ್ನು ಕೂಗತೊಡಗಿದರು.

ಒಂದು ಮಧ್ಯಾಹ್ನ ಮೈಲಮ್ಮ ಚೀರಿಕೊಂಡಳು. ಗಂಡ ಮಾಲತೇಶಪ್ಪ ಮಂಡಿಯಲ್ಲಿ ಮೂಟೆ ಹೊರುತ್ತಿದ್ದ, ಕೆಂಚಣ್ಣ ಮಿಲ್ಲಿನಲ್ಲಿದ್ದ. ಓಬವ್ವ ಹೋಗಿ ನೋಡಿದರೆ ಕೂಸಿನ ಮೈ ಹೆಂಚಿನಂತೆ ಸುಡುತ್ತಿತ್ತು, ಕಣ್ಣು ಮೇಲೆ ಸಿಕ್ಕಿಕೊಂಡಿದ್ದವು. ತಲೆಯ ಮೇಲೆ ಕೆಂಪು ಅಂಚಿನ ಕುಲಾವಿ. ಸುಳ್ಳು ಹೇಳುವುದೇಕೆ, ಅವಳಿಗೆ ಮೊದಲು ಹೊಳೆದದ್ದು ಕುಲಾವಿಯೇ. ಕೆಟ್ಟಿತು, ಇನ್ನು ಇದು ನನ್ನ ಕೂಸಿಗಾಗದು ಎಂದುಕೊಂಡಳು. ಮರುಕ್ಷಣವೇ ಕೂಸಿನ ಕೈ ಸೆಟೆದುಕೊಂಡಿತು. ಆ ಕೈ ಅವಳು ಗಾಡಿಯಲ್ಲಿ ಕಂಡಿದ್ದ ಕೈ.

"ಏಳ್ರಿ ಮೈಲಕ್ಕ, ದವಾಖಾನಿಗೆ ನಡೀರಿ!"

"ಕೈಯಾಗ ಒಂದು ಕಾಸಿಲ್ಲವ್ವ, ಅವ್ರು ಬರೋ ತನಕ..."

ಓಬವ್ವ ತನ್ನ ಕೋಣೆಗೆ ಹೋದಳು. ಗಡಿಗೆಯ ಬಾಯಿಗೆ ಕಟ್ಟಿದ ಬಟ್ಟೆಯ ಗಂಟು ಬಿಚ್ಚುತ್ತ ಕೂರಲು ಹೊತ್ತಿರಲಿಲ್ಲ. ಗಡಿಗೆಯನ್ನೇ ನೆಲಕ್ಕೆ ಹಾಕಿ ಒಡೆದು, ಇದ್ದುದನ್ನೆಲ್ಲ ಸೆರಗಿಗೆ ಬಾಚಿಕೊಂಡು ಬಂದು ಜಟಕಾ ಕರೆದಳು.

ದವಾಖಾನೆಯಲ್ಲಿ ಇಲ್ಲದ ಔಷಧವನ್ನು ಹೊರಗಿನಿಂದ ತರಿಸಿದರು. ತುಂಬು ಬಸುರಿ ನೆಲದ ಮೇಲೆ ಕೂತು ಪರರ ಕೂಸಿನ ಹಣೆಗೆ ತಣ್ಣೀರ ಬಟ್ಟೆ ಹಾಕಿದಳು. ಊರಮ್ಮನಿಗೆ ಹರಕೆ ಹೊತ್ತಳು. ಹರಕೆ ಹೊರುವಾಗ ಕುಲಾವಿಯ ನೆನಪೂ ಇರಲಿಲ್ಲ.

ಸಂಜೆ ಅವಳು ಮನೆಗೆ ಬಂದಾಗ ಕೆಂಚಣ್ಣ ಗಡಿಗೆಯ ಚೂರುಗಳನ್ನು ಒಟ್ಟುಮಾಡುತ್ತಿದ್ದ.

"ನಿನ್ನ ಹೆರಿಗಿಗೆ ಇಟ್ಟಿದ್ದು ಅದು," ಎಂದ.

"ಗೊತ್ತೈತೆ."

"ಈಗ ಹೆಂಗೆ?"

"ನನಗೇನು ಗೊತ್ತು? ಆವತ್ತು ಗಾಡಿಯಾಗ ನಮ್ಮ ಹತ್ರ ಗಡಿಗಿ ಇದ್ದಿದ್ರೆ ನಾವೂ ಒಡೀತಿದ್ವಿ."

ಕೆಂಚಣ್ಣ ಚೂರುಗಳನ್ನು ಹೊರಗೆ ಹಾಕಿ ಬಂದು, ಮರುದಿನದಿಂದ ಎರಡು ಪಾಳಿ ದುಡಿಯತೊಡಗಿದ. ಮೈಲಮ್ಮನ ಮಗ ಬಹಳ ಕಷ್ಟಪಟ್ಟು ಕಣ್ಣು ಬಿಟ್ಟ, ಹಾಲಿಗಾಗಿ ಅತ್ತ, ಮನೆಗೆ ಬಂದ. ಆದರೆ ಐದು ಮನೆಯಲ್ಲಿ ಒಂದು ಮನೆ ಕೆಟ್ಟಿತ್ತು, ಗಡಿಗೆಯೂ ಹೋಗಿತ್ತು. ದಿನ ತುಂಬುತ್ತಿದ್ದವು. ಓಬವ್ವನಿಗೆ ಹೊಟ್ಟೆಯೊಳಗಿನ ಕೂಸು ಒಂದು ಗಳಿಗೆ ಮಿಸುಕದಿದ್ದರೂ ಜೀವ ಹಾರಿಹೋಗುತ್ತಿತ್ತು.

ನೋವು ಕಾಣಿಸಿಕೊಂಡ ಬೆಳಿಗ್ಗೆ ಸರ್ವಮಂಗಳಮ್ಮನವರು ತಮ್ಮ ಸ್ವಂತ ಗಾಡಿ ಹೂಡಿಸಿದರು. ಯಾರೋ ಹರಳೆಣ್ಣೆ ತಂದರು, ಯಾರೋ ಕೊಬ್ಬರಿ ಬೆಲ್ಲ ತಂದರು, ಮಾಲತೇಶಪ್ಪ ಒಂದು ಹೊರೆ ಕಟ್ಟಿಗೆ ತಂದು ಹಾಕಿದ. ನೀವೇಕೆ ತಂದಿರಿ ಎಂದು ಕೇಳಲು ಓಬವ್ವನಿಗೆ ಉಸಿರಿರಲಿಲ್ಲ. ಅಂದು ಇಳಿಹೊತ್ತಿಗೆ ದವಾಖಾನೆಯ ಮಂಚದ ಮೇಲೆ ಹೆಣ್ಣು ಕೂಸು ಗಂಟಲು ಹರಿಯುವಂತೆ ಅತ್ತಿತು.

ಸುದ್ದಿ ತಿಳಿದು ಕಾಟಮ್ಮ ಹರಿಹರದಿಂದ ಮೊದಲ ರೈಲಿಗೆ ಬಂದಳು. ನಾಲ್ಕು ಮನೆಯ ಬಟ್ಟೆಗಳು ಬಂದವು. ಒಗೆದು ಒಗೆದು ನಾಲ್ಕು ಅಂಗಿಯೂ ಮೆತ್ತಗಾಗಿದ್ದವು. ಮೈಲಮ್ಮ ಮಾತ್ರ ಬಾಗಿಲಲ್ಲೇ ನಿಂತಳು. ಕುಲಾವಿ ಹಿಡಿದ ಕೈ ಬೆನ್ನ ಹಿಂದಿತ್ತು.

"ಇದು ಬ್ಯಾಡ ಬಿಡವ್ವ. ಜ್ವರದಾಗ ಕಟ್ಟಿದ್ದು. ನಿನ್ನ ಮುಖ ನೋಡಿ ಹೋಗಾನ ಅಂತ ಬಂದೆ."

ಕಾಟಮ್ಮ ಗಾಬರಿಯಾಗಿ ಎದ್ದು ಕೂಸಿಗೆ ಅಡ್ಡ ನಿಂತಳು. "ಹೌದವ್ವ, ಅದು ಬ್ಯಾಡ. ನಾಕೇ ಸಾಕು."

"ಅದನ್ನ ಇತ್ತ ತರ್ರಿ ಮೈಲಕ್ಕ," ಎಂದಳು ಓಬವ್ವ.

"ಓಬಿ, ನಿನಗೇನು ತಲಿ ಕೆಟ್ಟೈತಾ?"

"ಯವ್ವಾ, ಉಳಿದ ಕೂಸುಗಳಿಗೆ ಏನೂ ಆಗಿಲ್ಲ, ಅದಕ್ಕ ಆಡ್ತಾವು. ಈ ಕುಲಾವಿ ಕಟ್ಟಿದ ಕೂಸು ಹೋಗಾಕ ನಿಂತಿತ್ತು, ಹೋಗ್ಲಿಲ್ಲ. ಉಳಿದಿದ್ದನ್ನ ನಾನು ಕಣ್ಣಾರೆ ಕಂಡೀನಿ. ಮೊದ್ಲು ಇದನ್ನೇ ಕಟ್ಟು."

ಕಾಟಮ್ಮ ಮಗಳ ಮುಖವನ್ನು ನೋಡಿದಳು. ಕುಲಾವಿಯನ್ನು ತೆಗೆದುಕೊಂಡು ಮೊಮ್ಮಗಳ ಗದ್ದದ ಕೆಳಗೆ ಲಾಡಿ ಬಿಗಿದಳು. ಅದು ದೊಡ್ಡದಾಗಿ ಕಣ್ಣ ಮೇಲೇ ಇಳಿಯಿತು.

"ಇರ್ಲಿ ಬಿಡ್ರಿ, ಬೆಳೀತಾಳೆ," ಎಂದಳು ಮೈಲಮ್ಮ.

ಮುಂದಿನದನ್ನು ಮೊದಲೇ ಆಡುವ ಅಂಥ ಮಾತು ಯಾರ ಬಾಯಲ್ಲಿ ಬಂದರೂ ಓಬವ್ವ ಬಾಯಿ ಮುಚ್ಚಿಸುತ್ತಿದ್ದಳು. ಈ ಸಲ ಕುಲಾವಿಯ ಅಂಚನ್ನು ಹಿಂದಕ್ಕೆ ಮಡಿಸುತ್ತ "ಹೂಂ" ಎಂದಳು.